ಸನ್ನದು ಕೊಟ್ಟವರೇ ಕಣ್ಣು ಮುಚ್ಚಿಕೊಂಡರೆ

ಅಮೆರಿಕದಲ್ಲಿರುವ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಆರು ತಿಂಗಳು ಇದ್ದು ಬಂದ ಹಿರಿಯರು ಈಗ ನಮ್ಮಲ್ಲಿ ಬೀದಿಗೊಬ್ಬರು ಸಿಗ್ತಾರೆ. ಅಂಥವರಲ್ಲಿ ಕೆಲವರು ನನ್ನನ್ನ ಕೇಳಿದ ಪ್ರಶ್ನೆ ಇದು: 'ಮೊಮ್ಮಗಳು ಅದ್ಯಾವುದೋ ಚಾರ್ಟರ್ ಸ್ಕೂಲ್‌ಗೆ ಹೋಗ್ತಾಳೆ ಸಾರ್. ಫೀಸ್ ಇಲ್ಲವಂತೆ. ಆದ್ರೆ ನಡೆಸೋದು ಸರ್ಕಾರ ಅಲ್ಲವಂತೆ. ಹಾಗಾದ್ರೆ ಅದು ಸರ್ಕಾರಿ ಶಾಲೆನಾ, ಪ್ರೈವೇಟ್ ಶಾಲೆನಾ?'

ಕೇಳೋಕೆ ಸಣ್ಣ ಪ್ರಶ್ನೆ. ಆದ್ರೆ ಹೆಚ್ಚೂ ಕಡಿಮೆ ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯ್ತು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿಗಳು ನಾಲ್ಕು ಜನ ಆ ಕಡೆ, ನಾಲ್ಕು ಜನ ಈ ಕಡೆ ಆಗಿ, ಉತ್ತರ ಸಿಗದೆ ವಾಪಸ್ ಬಂತು. ಆ ಕಥೆಗೆ ಆಮೇಲೆ ಬರೋಣ. ಮೊದಲು ಆ ಪದ ಏನು ಅಂತ ನೋಡೋಣ.

ಚಾರ್ಟರ್ ಅಂದ್ರೆ ಸನ್ನದು. ಹೈಸ್ಕೂಲಿನ ಇತಿಹಾಸ ಪುಸ್ತಕ ನೆನಪು ಮಾಡಿಕೊಳ್ಳಿ. ಈಸ್ಟ್ ಇಂಡಿಯಾ ಕಂಪನಿಗೆ 1600ರಲ್ಲಿ ಇಂಗ್ಲೆಂಡಿನ ರಾಣಿ ಕೊಟ್ಟದ್ದು ಸನ್ನದು. ಆಮೇಲೆ ಇಪ್ಪತ್ತು ವರ್ಷಕ್ಕೊಮ್ಮೆ ಅದನ್ನ ನವೀಕರಿಸುವ ಸನ್ನದು ಕಾಯ್ದೆಗಳು ಬಂದವು. 1793, 1813, 1833, 1853 ಅಂತ ಬಾಯಿಪಾಠ ಮಾಡಿದ್ದೀವಿ. ಅದರ ತಿರುಳು ಇಷ್ಟೇ. 'ಈ ಕೆಲಸ ಮಾಡೋ ಅಧಿಕಾರ ನಿನಗೆ ಕೊಟ್ಟಿದ್ದೀನಿ. ಇಂತಿಷ್ಟು ವರ್ಷಕ್ಕೆ. ಅವಧಿ ಮುಗಿದಾಗ ಬಾ, ಲೆಕ್ಕ ನೋಡ್ತೀನಿ. ಸರಿ ಇದ್ರೆ ಮುಂದುವರಿ, ಇಲ್ಲದಿದ್ರೆ ಬಾಗಿಲು ಹಾಕು.' ಲೆಕ್ಕ ನೋಡಬೇಕಾದವರು ಸುಮ್ಮನಿದ್ದರೆ ಏನಾಗುತ್ತೆ ಅನ್ನೋದು ಆ ಕಂಪನಿಯನ್ನ ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಾರ್ಟರ್ ಶಾಲೆ ನಿಂತಿರೋದೂ ಇಂಥದ್ದೇ ಒಂದು ಕಾಗದದ ಮೇಲೆ. ಒಂದಷ್ಟು ಶಿಕ್ಷಕರೋ, ಪೋಷಕರೋ, ಒಂದು ಸಂಸ್ಥೆಯೋ ಸೇರಿ ಆಡಳಿತ ಮಂಡಳಿ ಮಾಡಿಕೊಳ್ತಾರೆ. ಎಂಥ ಶಾಲೆ ಮಾಡ್ತೀವಿ, ಮಕ್ಕಳು ಏನು ಕಲೀತಾರೆ, ದುಡ್ಡು ಹೇಗೆ ಖರ್ಚು ಮಾಡ್ತೀವಿ ಅಂತ ಬರೆದು ಅರ್ಜಿ ಹಾಕ್ತಾರೆ. ಮಂಜೂರು ಮಾಡೋದು ಸ್ಥಳೀಯ ಶಾಲಾ ಮಂಡಳಿ ಇರಬಹುದು, ರಾಜ್ಯದ ಇಲಾಖೆ ಇರಬಹುದು, ಕೆಲವು ರಾಜ್ಯಗಳಲ್ಲಿ ವಿಶ್ವವಿದ್ಯಾಲಯವೂ ಇರಬಹುದು. ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಅವಧಿ. ಅರಿಜೋನಾದಲ್ಲಿ ಮಾತ್ರ ಒಂದೇ ಸಲಕ್ಕೆ 15 ವರ್ಷ! ಮಕ್ಕಳಿಂದ ಫೀಸ್ ತಗೊಳ್ಳೋ ಹಾಗಿಲ್ಲ. ಪರೀಕ್ಷೆ ಮಾಡಿ ಆರಿಸೋ ಹಾಗಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚು ಬಂದರೆ ಲಾಟರಿ ಎತ್ತಬೇಕು. ಮಗು ಸೇರಿತು ಅಂದ್ರೆ ಆ ಮಗುವಿನ ತಲೆಗೆ ಇಷ್ಟು ಅಂತ ಸರ್ಕಾರದ ಹಣ ಶಾಲೆಗೆ ಬರುತ್ತೆ. ಬದಲಿಗೆ ಶಿಕ್ಷಕರ ನೇಮಕ, ಸಂಬಳ, ವೇಳಾಪಟ್ಟಿ, ಪಾಠದ ಕ್ರಮ, ಇದರಲ್ಲೆಲ್ಲ ಸರ್ಕಾರಿ ಶಾಲೆಗೆ ಇರೋ ಎಷ್ಟೋ ಕಟ್ಟುಪಾಡು ಇವರಿಗಿಲ್ಲ. ಸ್ವಾತಂತ್ರ್ಯ ಕೊಡ್ತೀವಿ, ಫಲಿತಾಂಶ ಕೊಡಿ. ಒಪ್ಪಂದ ಅಷ್ಟೇ.

ಈ ಯೋಚನೆಗೆ ದೇಶದ ಮಟ್ಟದಲ್ಲಿ ದನಿ ಕೊಟ್ಟವರು ಯಾರು ಗೊತ್ತಾ? ಯಾವುದೋ ಉದ್ಯಮಿ ಅಂದುಕೊಂಡಿರಬಹುದು. ಶಿಕ್ಷಕರ ಯೂನಿಯನ್ ನಾಯಕ! ರೇ ಬಡ್ಡಿ ಅನ್ನೋ ಪ್ರಾಧ್ಯಾಪಕರು 70ರ ದಶಕದಲ್ಲೇ ಕಾಗದದ ಮೇಲೆ ಬರೆದಿಟ್ಟಿದ್ದ ಆಲೋಚನೆಯನ್ನ, 1988ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್‌ನಲ್ಲಿ ನಿಂತು ಜನರ ಮುಂದಿಟ್ಟವರು ಆಲ್ಬರ್ಟ್ ಶಾಂಕರ್. ಅಮೆರಿಕನ್ ಫೆಡರೇಷನ್ ಆಫ್ ಟೀಚರ್ಸ್ ಅಧ್ಯಕ್ಷ. ಮಾಮೂಲಿ ಪದ್ಧತಿಯಲ್ಲಿ ಹಿಂದೆ ಬೀಳೋ ಮಕ್ಕಳಿಗಾಗಿ ಶಿಕ್ಷಕರೇ ಸಣ್ಣ ಸಣ್ಣ ಶಾಲೆ ಕಟ್ಟಲಿ, ಅಲ್ಲಿ ಗೆದ್ದ ಪ್ರಯೋಗ ಉಳಿದ ಶಾಲೆಗೂ ಹರಡಲಿ ಅನ್ನೋದು ಅವರ ಆಸೆ. 1991ರಲ್ಲಿ ಮಿನ್ನೆಸೋಟ ರಾಜ್ಯ ಮೊದಲ ಕಾನೂನು ಮಾಡ್ತು. ಬರೀ ಎಂಟು ಶಾಲೆಗೆ ಅವಕಾಶ. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಶುರುವಾಯ್ತು, ಓದು ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗಾಗಿ. ಅದೇ ವರ್ಷ ಕ್ಯಾಲಿಫೋರ್ನಿಯಾ ಕಾನೂನು ಮಾಡ್ತು. ಆಮೇಲೆ ಸಾಲು ಸಾಲು. ಒಂದೆರಡು ವರ್ಷ ಕಳೆಯೋಷ್ಟರಲ್ಲಿ ಖಾಸಗಿ ಕಂಪನಿಗಳು ಒಳಗೆ ಕಾಲಿಡೋದು, ಯೂನಿಯನ್ ಇಲ್ಲದ ಶಾಲೆಗಳು ಏಳೋದು ನೋಡಿ ಶಾಂಕರ್ ಅವರೇ ಇದರ ಟೀಕಾಕಾರರಾದರು. ಕೂಸು ಕೈ ಬಿಟ್ಟು ಓಡಿಯಾಗಿತ್ತು.

ಈಗ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಚಾರ್ಟರ್ ಕಾನೂನು ಇದೆ. 2021ರ ಹೊತ್ತಿಗೆ ಸುಮಾರು 7,800 ಶಾಲೆ, 37 ಲಕ್ಷ ಮಕ್ಕಳು. ಇದು ಇಷ್ಟು ಬೆಳೆದದ್ದು ಹೇಗೆ? ಎರಡೂ ಪಕ್ಷಗಳು ಎತ್ತಿ ಆಡಿಸಿದ್ದರಿಂದ. ರಿಪಬ್ಲಿಕನ್ನರಿಗೆ ಇದರಲ್ಲಿ ಕಂಡದ್ದು ಪೈಪೋಟಿ, ಪೋಷಕರ ಆಯ್ಕೆ. ಡೆಮಾಕ್ರಟರಿಗೆ ಕಂಡದ್ದು, ಖಾಸಗಿ ಶಾಲೆಯ ಫೀಸಿಗೆ ಸರ್ಕಾರವೇ ಕೂಪನ್ ಕೊಡೋ ವೌಚರ್ ಪದ್ಧತಿಯನ್ನ ತಡೆಯೋಕೆ ಒಂದು ಮಧ್ಯದ ದಾರಿ. ಕ್ಲಿಂಟನ್ ಕೇಂದ್ರದ ಅನುದಾನ ಶುರು ಮಾಡಿದರು. ಬುಷ್ ಮುಂದುವರಿಸಿದರು. ಒಬಾಮ 435 ಕೋಟಿ ಡಾಲರಿನ 'ರೇಸ್ ಟು ದ ಟಾಪ್' ಸ್ಪರ್ಧೆ ಇಟ್ಟು, ಚಾರ್ಟರ್ ಶಾಲೆಗೆ ದಾರಿ ಬಿಡೋ ರಾಜ್ಯಕ್ಕೆ ಹೆಚ್ಚು ಅಂಕ ಅಂದರು. ದುಡ್ಡಿನ ಆಸೆಗೆ ರಾಜ್ಯಗಳು ಕಾನೂನು ಸಡಿಲ ಮಾಡಿದವು. ನಮ್ಮಲ್ಲೂ ಕೇಂದ್ರದ ಹಣ ಬೇಕು ಅಂದ್ರೆ ರಾಜ್ಯಗಳು ಏನೇನಕ್ಕೆ ತಲೆ ಆಡಿಸ್ತವೆ ಅಂತ ನೋಡಿಲ್ವಾ? ಹಾಗೇ.

ಹಾಗಾದರೆ ಜಗಳ ಎಲ್ಲಿ ಬಂತು? ತಲೆಗಿಷ್ಟು ಹಣ ಅನ್ನೋ ಲೆಕ್ಕದಲ್ಲಿ. ಒಂದು ಉದಾಹರಣೆ ತಗೊಳ್ಳಿ. ಊರಿನ ಸರ್ಕಾರಿ ಶಾಲೆಯಲ್ಲಿ ತರಗತಿಗೆ 25 ಮಕ್ಕಳು. ಹೊಸ ಚಾರ್ಟರ್ ಶಾಲೆ ಬಂತು, ಪ್ರತಿ ತರಗತಿಯಿಂದ ಇಬ್ಬರು ಹೋದರು. ಇಬ್ಬರ ಹಣವೂ ಹೋಯ್ತು. ಉಳಿದ 23 ಮಕ್ಕಳಿಗೆ ಶಿಕ್ಷಕಿ ಬೇಡವಾ? ಬಸ್ ಓಡಿಸೋದು ಬೇಡವಾ? ನಿವೃತ್ತರ ಪಿಂಚಣಿ ನಿಲ್ಲಿಸೋಕಾಗುತ್ತಾ? ಖರ್ಚು ಅಲ್ಲೇ ಇದೆ, ಆದಾಯ ಮಾತ್ರ ನಡೆದುಕೊಂಡು ಹೋಯ್ತು. ಅದಕ್ಕೇ 2016ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ವಿಚಿತ್ರ ನಡೀತು. ಅಲ್ಲಿನ ಬಾಸ್ಟನ್ ನಗರದ ಚಾರ್ಟರ್ ಶಾಲೆಗಳು ದೇಶದಲ್ಲೇ ಉತ್ತಮವಾದವು. ಲಾಟರಿಯಲ್ಲಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ನೋಡಿದ ಅಧ್ಯಯನಗಳೇ ಅದನ್ನ ಹೇಳ್ತವೆ. ಆದರೂ 'ವರ್ಷಕ್ಕೆ ಇನ್ನೂ 12 ಚಾರ್ಟರ್ ಶಾಲೆ ತೆರೆಯೋಣವಾ' ಅಂತ ಜನಮತ ಕೇಳಿದಾಗ ಶೇ. 62ರಷ್ಟು ಜನ ಬೇಡ ಅಂದರು. 2019ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ 30,000ಕ್ಕೂ ಹೆಚ್ಚು ಶಿಕ್ಷಕರು ಆರು ದಿನ ಮುಷ್ಕರ ಮಾಡಿದಾಗಲೂ ಚಾರ್ಟರ್ ಶಾಲೆಗಳ ಏರಿಕೆಗೆ ತಡೆ ಹಾಕಿ ಅನ್ನೋ ಕೂಗು ಇತ್ತು.

ಸರಿ, ಮಕ್ಕಳು ಕಲೀತಾರಾ? ಟಿವಿ ಚರ್ಚೆ ಇಟ್ಟರೆ ಒಬ್ಬರು 'ಕ್ರಾಂತಿ' ಅಂತಾರೆ, ಇನ್ನೊಬ್ಬರು 'ಲೂಟಿ' ಅಂತಾರೆ. ಇಬ್ಬರ ಕೈಯಲ್ಲೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರದ ವರದಿ ಇರುತ್ತೆ! 2009ರಲ್ಲಿ ಆ ಕೇಂದ್ರ ಹೇಳಿದ್ದು: ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಸರ್ಕಾರಿ ಶಾಲೆಗಿಂತ ಮೇಲು, ಶೇ. 37ರಷ್ಟು ಕೀಳು, ಉಳಿದವು ಸಮ. 2023ರಲ್ಲಿ ಅದೇ ಕೇಂದ್ರ ಹೇಳಿದ್ದು: ಸರಾಸರಿಯಲ್ಲಿ ಚಾರ್ಟರ್ ಮಕ್ಕಳು ಓದಿನಲ್ಲಿ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಪಾಠ ಹೆಚ್ಚು ಕಲಿತಂತಾಗಿದೆ. ಸುಧಾರಣೆ ಆಗಿದೆ, ಹೌದು. ಆದ್ರೆ ಆ ಸರಾಸರಿಯ ಹೊಟ್ಟೆಯೊಳಗೆ ಇನ್ನೊಂದು ಅಂಕಿ ಇದೆ. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಕಲಿಯೋ ಆನ್‌ಲೈನ್ ಚಾರ್ಟರ್ ಶಾಲೆಗಳ ಮಕ್ಕಳು ಓದಿನಲ್ಲಿ 58 ದಿನ, ಗಣಿತದಲ್ಲಿ 124 ದಿನ ಹಿಂದೆ. ಶಾಲಾ ವರ್ಷ ಇರೋದೇ 180 ದಿನ. ಲೆಕ್ಕ ಹಾಕಿ.

ಒಂದೇ ಹೆಸರಿನಡಿ ಬಾಸ್ಟನ್ನಿನ ಶಾಲೆಯೂ ಇದೆ, ಇಂಥ ಶಾಲೆಯೂ ಇದೆ. ಇಷ್ಟು ವ್ಯತ್ಯಾಸ ಯಾಕೆ ಅಂತ ಹುಡುಕುತ್ತಾ ಹೋದರೆ ನನಗೆ ಮತ್ತೆ ಮತ್ತೆ ಎದುರಾಗೋದು ಆ ಸನ್ನದು ಕೊಡೋ ಕೈ. ಮ್ಯಾಸಚೂಸೆಟ್ಸ್‌ನಲ್ಲಿ ಆ ಅಧಿಕಾರ ರಾಜ್ಯದ ಒಂದೇ ಮಂಡಳಿಗೆ. ಅಳೆದು ತೂಗಿ ಕೊಡ್ತಾರೆ. ಓಹಾಯೊದಲ್ಲಿ? ಬನ್ನಿ, ಅಲ್ಲಿಗೆ ಹೋಗೋಣ.

ಓಹಾಯೊದಲ್ಲಿ 2000ನೇ ಇಸವಿಯಲ್ಲಿ ಶುರುವಾದ ಒಂದು ಆನ್‌ಲೈನ್ ಶಾಲೆಯ ಹೆಸರು ಎಲೆಕ್ಟ್ರಾನಿಕ್ ಕ್ಲಾಸ್‌ರೂಂ ಆಫ್ ಟುಮಾರೊ. ನಾಳಿನ ತರಗತಿ! ಕಾಗದದ ಮೇಲೆ ಲಾಭ ಮಾಡದ ಸಂಸ್ಥೆ. ಆದ್ರೆ ಶಾಲೆ ನಡೆಸೋ ಗುತ್ತಿಗೆ, ಪಾಠದ ಸಾಫ್ಟ್‌ವೇರ್ ಗುತ್ತಿಗೆ ಹೋಗ್ತಿದ್ದದ್ದು ಸಂಸ್ಥಾಪಕರದ್ದೇ ಖಾಸಗಿ ಕಂಪನಿಗಳಿಗೆ. ಚಾರ್ಟರ್ ಆಡಳಿತದಲ್ಲಿ ಇದು ಎಲ್ಲರೂ ತಿಳಿಯಬೇಕಾದ ಕೈಚಳಕ. ಮುಂದೆ ಟ್ರಸ್ಟು, ಹಿಂದೆ ಕಂಪನಿ. ಕೆಲವು ಕಡೆ ಕಟ್ಟಡದ ಬಾಡಿಗೆಯ ರೂಪದಲ್ಲೂ ಹಣ ಹೀಗೇ ಹರಿಯುತ್ತೆ. ಶಾಲೆ ನಡೆಸೋರದ್ದೇ ಇನ್ನೊಂದು ಸಂಸ್ಥೆ ಕಟ್ಟಡದ ಮಾಲೀಕ, ಶಾಲೆ ಬಾಡಿಗೆದಾರ, ಬಾಡಿಗೆ ಕಟ್ಟೋದು ತೆರಿಗೆದಾರ. ನಮ್ಮಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದ ರಾಜಕಾರಣಿಗಳಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ ಬಿಡಿ.

ಆ ಶಾಲೆ ದೇಶದ ಅತಿ ದೊಡ್ಡ ಆನ್‌ಲೈನ್ ಶಾಲೆಗಳಲ್ಲಿ ಒಂದಾಯ್ತು. ರಾಜಕಾರಣಿಗಳಿಗೆ ದೇಣಿಗೆ ಹೋಯ್ತು. ದೊಡ್ಡ ದೊಡ್ಡ ರಿಪಬ್ಲಿಕನ್ ನಾಯಕರು ಅದರ ಪದವಿ ಪ್ರದಾನಕ್ಕೆ ಬಂದು ಭಾಷಣ ಮಾಡಿದರು. ಅದೇ ಹೊತ್ತಿಗೆ ಅರ್ಧಕ್ಕೆ ಬಿಡೋ, ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಮುಗಿಸದೇ ಇರೋ ಮಕ್ಕಳ ಸಂಖ್ಯೆಯಲ್ಲಿ ದೇಶದಲ್ಲೇ ಮೊದಲು ಅಂತ ನ್ಯೂಯಾರ್ಕ್ ಟೈಮ್ಸ್ ಬರೀತು. ಕೊನೆಗೆ ರಾಜ್ಯ ಸರ್ಕಾರ ಕೇಳಬೇಕಾದ ಪ್ರಶ್ನೆ ಕೇಳ್ತು: 'ಮಕ್ಕಳು ಎಷ್ಟು ಹೊತ್ತು ಲಾಗಿನ್ ಆಗಿದ್ದರು, ತೋರಿಸಿ.' ಶಾಲೆ ಹಣ ತಗೊಂಡದ್ದು ಸುಮಾರು 15,300 ಮಕ್ಕಳ ಲೆಕ್ಕದಲ್ಲಿ. ದಾಖಲೆ ಸಿಕ್ಕದ್ದು ಸುಮಾರು 6,300 ಮಕ್ಕಳ ಓದಿಗೆ. ಸರ್ಕಾರ ಕೋಟಿಗಟ್ಟಲೆ ಡಾಲರ್ ವಾಪಸ್ ಕೇಳ್ತು, ಶಾಲೆ ಕೋರ್ಟಿಗೆ ಹೋಯ್ತು, 2018ರ ಜನವರಿಯಲ್ಲಿ ದುಡ್ಡು ಖಾಲಿಯಾಗಿ ಬಾಗಿಲು ಹಾಕ್ತು. ಶಾಲಾ ವರ್ಷದ ನಟ್ಟನಡುವೆ, ಸುಮಾರು 12,000 ಮಕ್ಕಳು ಬೀದಿಗೆ ಬಿದ್ದರು. ಹೆಚ್ಚಿನವರು ಬೇರೆ ಶಾಲೆಯಲ್ಲಿ ಒಗ್ಗದೆ ಬಂದವರು. ಕಾಯಿಲೆಯವರು, ಕೆಲಸ ಮಾಡ್ತಾ ಓದೋರು, ಸಣ್ಣ ವಯಸ್ಸಿಗೇ ತಾಯಿಯಾದ ಹುಡುಗಿಯರು. ಶಾಂಕರ್ 1988ರಲ್ಲಿ ಯಾರಿಗಾಗಿ ಕನಸು ಕಂಡಿದ್ದರೋ ಅವರೇ.

ಹದಿನೇಳು ವರ್ಷ ಸನ್ನದು ಕೊಟ್ಟವರು ಏನು ಮಾಡ್ತಿದ್ದರು? ಇಲ್ಲೇ ಇದೆ ಗಂಟು. ಓಹಾಯೊದಲ್ಲಿ ಸನ್ನದು ಕೊಟ್ಟ ಸಂಸ್ಥೆಗೆ ಶಾಲೆಯ ಸರ್ಕಾರಿ ಹಣದಲ್ಲಿ ಶೇ. 3ರ ತನಕ ಮೇಲ್ವಿಚಾರಣೆ ಶುಲ್ಕ ಸಿಗುತ್ತೆ. ಶಾಲೆ ದೊಡ್ಡದಾದಷ್ಟೂ ಶುಲ್ಕ ದೊಡ್ಡದು. ಶಾಲೆ ಮುಚ್ಚಿದರೆ ಶುಲ್ಕವೂ ಬಂದ್. ಕಾವಲುಗಾರನ ಸಂಬಳ ಕದಿಯುವವನ ಜೇಬಿನಿಂದ ಬಂದರೆ ಅವನು ಶಿಳ್ಳೆ ಊದ್ತಾನಾ?

ಇದು ಓಹಾಯೊ ಒಂದರ ಕಥೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಎ3 ಅನ್ನೋ ಜಾಲದ ಮೇಲೆ ಸ್ಯಾನ್ ಡಿಯಾಗೊದಲ್ಲಿ ಪ್ರಕರಣ ದಾಖಲಾಯ್ತು. 19 ಆನ್‌ಲೈನ್ ಚಾರ್ಟರ್ ಶಾಲೆಗಳು. ಬೇಸಿಗೆಯಲ್ಲಿ ಆಟ ಕಲಿಸೋ ಕ್ರೀಡಾ ತಂಡಗಳಿಗೆ ದುಡ್ಡು ಕೊಟ್ಟು ಮಕ್ಕಳ ಹೆಸರಿನ ಪಟ್ಟಿ ತರಿಸಿಕೊಂಡು, ಆ ಮಕ್ಕಳನ್ನ ತಮ್ಮ ವಿದ್ಯಾರ್ಥಿಗಳು ಅಂತ ಬರೆದುಕೊಂಡರು. ತಾವು ಆ ಶಾಲೆಯಲ್ಲಿ ಓದ್ತಿದ್ದೀವಿ ಅಂತ ಎಷ್ಟೋ ಮಕ್ಕಳಿಗೇ ಗೊತ್ತಿಲ್ಲ! ಇದನ್ನ ನಡೆಸಿದ ಇಬ್ಬರು 2021ರಲ್ಲಿ ತಪ್ಪೊಪ್ಪಿಕೊಂಡರು. ಇಂಥ ಶಾಲೆಗಳಿಗೆ ಸನ್ನದು ಕೊಟ್ಟವರಲ್ಲಿ ಹಳ್ಳಿಗಾಡಿನ ಪುಟ್ಟ ಪುಟ್ಟ ಶಾಲಾ ಜಿಲ್ಲೆಗಳಿದ್ದವು. ತಮ್ಮ ಸ್ವಂತ ಮಕ್ಕಳು ನೂರರ ಲೆಕ್ಕದಲ್ಲಿ, ಸನ್ನದು ಕೊಟ್ಟ ಶಾಲೆಗಳ ಮಕ್ಕಳು ಸಾವಿರಗಟ್ಟಲೆ. ಮೇಲ್ವಿಚಾರಣೆ ಶುಲ್ಕವೇ ಅವರ ಬಜೆಟ್ಟಿನ ಊರುಗೋಲು. ಆಮೇಲೆ ಆ ರಾಜ್ಯ ಕಾನೂನು ಬಿಗಿ ಮಾಡ್ತು, 2020ರಿಂದ ಇಂಥ ಹೊಸ ಶಾಲೆಗಳಿಗೆ ತಡೆ ಹಾಕ್ತು.

ಈಗ ಸುಪ್ರೀಂ ಕೋರ್ಟ್ ಕಥೆ. ಒಕ್ಲಹೋಮದಲ್ಲಿ ಕ್ಯಾಥೊಲಿಕ್ ಚರ್ಚ್ ಒಂದು ಆನ್‌ಲೈನ್ ಚಾರ್ಟರ್ ಶಾಲೆಗೆ ಅರ್ಜಿ ಹಾಕ್ತು, 2023ರಲ್ಲಿ ರಾಜ್ಯದ ಮಂಡಳಿ ಒಪ್ಪಿಗೆಯನ್ನೂ ಕೊಡ್ತು. ಚಾರ್ಟರ್ ಶಾಲೆ ಸರ್ಕಾರಿ ಶಾಲೆ ಆಗಿದ್ದರೆ ಅಲ್ಲಿ ಧರ್ಮ ಬೋಧಿಸೋ ಹಾಗಿಲ್ಲ. ಗುತ್ತಿಗೆ ಪಡೆದ ಖಾಸಗಿ ಸಂಸ್ಥೆ ಆಗಿದ್ದರೆ ಧರ್ಮದ ಕಾರಣಕ್ಕೆ ತಡೆಯೋ ಹಾಗಿಲ್ಲ. ರಾಜ್ಯದ ಸರ್ವೋಚ್ಚ ನ್ಯಾಯಾಲಯ 'ಸರ್ಕಾರಿಯೇ' ಅಂತ ಹೇಳಿ ಒಪ್ಪಿಗೆ ರದ್ದು ಮಾಡ್ತು. ದೇಶದ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ವಿಚಾರಣೆಯಿಂದ ಹಿಂದೆ ಸರಿದ ಕಾರಣ ಉಳಿದವರು ನಾಲ್ಕು ನಾಲ್ಕಾಗಿ ಒಡೆದರು. ರಾಜ್ಯದ ತೀರ್ಪೇ ಉಳೀತು, ದೇಶಕ್ಕೆಲ್ಲ ಅನ್ವಯಿಸೋ ಉತ್ತರ ಬರಲಿಲ್ಲ.

ಈ 'ಸರ್ಕಾರದ ದುಡ್ಡು, ಖಾಸಗಿ ಆಡಳಿತ' ಅನ್ನೋದು ನಮಗೇನು ಹೊಸದಲ್ಲ. ಕರ್ನಾಟಕದಲ್ಲಿ ಅನುದಾನಿತ ಶಾಲೆಗಳು ಎಷ್ಟಿಲ್ಲ? ಮಠದವು, ಚರ್ಚಿನವು, ಊರಿನ ವಿದ್ಯಾವರ್ಧಕ ಸಂಘದವು. ಮೇಷ್ಟ್ರ ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಸಂಸ್ಥೆಯದ್ದು. ವ್ಯತ್ಯಾಸ ಎಲ್ಲಿ ಅಂದ್ರೆ, ನಮ್ಮಲ್ಲಿ ಅನುದಾನ ಹರಿಯೋದು ಹುದ್ದೆಯ ಲೆಕ್ಕಕ್ಕೆ, ಅಲ್ಲಿ ಮಗುವಿನ ಲೆಕ್ಕಕ್ಕೆ. ನಮ್ಮಲ್ಲಿ ಇಷ್ಟು ವರ್ಷಕ್ಕೊಮ್ಮೆ ಕಲಿಕೆಯ ಲೆಕ್ಕ ಕೊಟ್ಟು ಅನುದಾನವನ್ನೇ ಹೊಸದಾಗಿ ಗಳಿಸಬೇಕು ಅನ್ನೋ ಒಪ್ಪಂದ ಇಲ್ಲ. ಇನ್ನು ಲಾಟರಿ ವಿಷಯ. ಆರ್‌ಟಿಇ ಸೀಟಿಗೆ ಅರ್ಜಿ ಹಾಕಿ ಮೊಬೈಲ್ ಹಿಡಿದು ಕಾದ ತಂದೆ-ತಾಯಿಗೆ ಆ ಸಂಕಟ ಗೊತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆರ್‌ಟಿಇ ಸೀಟು ಇಲ್ಲ ಅಂತ 2018ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ನಿಯಮ ಬದಲಿಸಿತು, 2019ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಮಗು ಎಲ್ಲಿ ಹೋಗುತ್ತೋ ಸರ್ಕಾರದ ಹಣ ಅಲ್ಲಿಗೆ ಹೋದರೆ ಸರ್ಕಾರಿ ಶಾಲೆ ಬರಿದಾಗುತ್ತೆ ಅನ್ನೋ ಮ್ಯಾಸಚೂಸೆಟ್ಸ್‌ನ ವಾದವೇ ಇಲ್ಲೂ ಕೇಳಿಬಂದಿತ್ತು.

ಸನ್ನದು ಕೊಟ್ಟವರು ನಿಜಕ್ಕೂ ಲೆಕ್ಕ ಕೇಳಿದ ಊರು ಯಾವುದೂ ಇಲ್ವಾ ಅಂದ್ರೆ, ಇದೆ. ನ್ಯೂ ಆರ್ಲಿಯನ್ಸ್. ಆದ್ರೆ ಅಲ್ಲಿ ಅದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು.

2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತ ಆ ನಗರವನ್ನ ಮುಳುಗಿಸಿತು. ನವೆಂಬರ್‌ನಲ್ಲಿ ಲೂಸಿಯಾನ ಸರ್ಕಾರ ನಗರದ 100ಕ್ಕೂ ಹೆಚ್ಚು ಶಾಲೆಗಳನ್ನ ಚುನಾಯಿತ ಮಂಡಳಿಯ ಕೈಯಿಂದ ಕಿತ್ತುಕೊಂಡಿತು. 7,000ಕ್ಕೂ ಹೆಚ್ಚು ನೌಕರರು ಕೆಲಸ ಕಳಕೊಂಡರು. ಶಿಕ್ಷಕರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರು, ಆ ಊರಿನ ಮಧ್ಯಮ ವರ್ಗದ ಬೆನ್ನೆಲುಬು. ಮನೆ ನೀರಲ್ಲಿ ಹೋಗಿತ್ತು, ಕೆಲಸ ಕಾಗದದಲ್ಲಿ ಹೋಯ್ತು. ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದರು, 2014ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಅವರ ಜಾಗಕ್ಕೆ ಬಂದ ಎಷ್ಟೋ ಜನ ಹೊರಗಿನ ತರುಣರು.

ಆಮೇಲೆ ಒಂದೊಂದೇ ಶಾಲೆ ಚಾರ್ಟರ್ ಆಯ್ತು. ಅವಧಿ ಮುಗಿದಾಗ ಲೆಕ್ಕ ನೋಡಿದರು. ಫಲಿತಾಂಶ ಕೆಟ್ಟಿದ್ದರೆ ಸನ್ನದು ಕಿತ್ತು ಬೇರೆಯವರಿಗೆ ಕೊಟ್ಟರು. ಮೊದಮೊದಲು ಶಾಲೆಗಳು ತುಂಟ ಮಕ್ಕಳನ್ನ, ಅಂಗವಿಕಲ ಮಕ್ಕಳನ್ನ ದೂರ ಇಡೋ ದೂರು ಬಹಳ ಇತ್ತು. 2012ರಿಂದ ನಗರಕ್ಕೆಲ್ಲ ಒಂದೇ ಅರ್ಜಿ ತಂದರು. ಮಗುವನ್ನ ಹೊರಹಾಕೋ ತೀರ್ಮಾನವನ್ನೂ ಶಾಲೆಯ ಕೈಯಿಂದ ತೆಗೆದು ಒಂದು ಕಚೇರಿಗೆ ಕೊಟ್ಟರು. ತುಲೇನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಡಗ್ಲಸ್ ಹ್ಯಾರಿಸ್ ತಂಡ ವರ್ಷಗಟ್ಟಲೆ ಇದನ್ನ ಅಳೆದಿದೆ. ಪರೀಕ್ಷೆಯ ಅಂಕ, ಹೈಸ್ಕೂಲ್ ಮುಗಿಸೋರ ಸಂಖ್ಯೆ, ಕಾಲೇಜು ಸೇರೋರ ಸಂಖ್ಯೆ ಎಲ್ಲವೂ ಏರಿದವು ಅಂತಾರೆ. ತಲಾ ಖರ್ಚೂ ಏರಿತ್ತು ಅನ್ನೋದನ್ನ ಅವರೇ ಹೇಳ್ತಾರೆ. ಏರಿಕೆಗೆ ದೊಡ್ಡ ಕಾರಣ ಕೆಟ್ಟ ಶಾಲೆಗಳನ್ನ ಮುಚ್ಚಿದ್ದು ಅಥವಾ ಬೇರೆ ಕೈಗೆ ಕೊಟ್ಟದ್ದು ಅಂತಲೂ ಹೇಳ್ತಾರೆ. ಆದ್ರೆ ಅದೇ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳಿಗೆ ಲಾಭ ಆಗಲಿಲ್ಲ. ಯಾಕಂದ್ರೆ ಅವರು ಹೋಗಿ ಸೇರಿದ ಶಾಲೆ ಹಳೆಯದಕ್ಕಿಂತ ಚೆನ್ನಾಗಿರಲಿಲ್ಲ.

2018ರಲ್ಲಿ ನ್ಯೂ ಆರ್ಲಿಯನ್ಸ್ ಶಾಲೆಗಳು ಚುನಾಯಿತ ಮಂಡಳಿಯ ಸುಪರ್ದಿಗೆ ಮರಳಿದವು. ಮರುವರ್ಷ ಎಲ್ಲ ಶಾಲೆಯೂ ಚಾರ್ಟರ್ ಆಗಿರೋ ಅಮೆರಿಕದ ದೊಡ್ಡ ನಗರ ಅದೊಂದೇ ಆಯ್ತು. ಮಂಡಳಿಗೆ ಕಟ್ಟಡ ಇದೆ, ಸನ್ನದು ಕೊಡೋ ಕಿತ್ತುಕೊಳ್ಳೋ ಅಧಿಕಾರ ಇದೆ, ಸ್ವಂತಕ್ಕೆ ನಡೆಸೋ ಶಾಲೆ ಒಂದೂ ಇಲ್ಲ. ಮಕ್ಕಳು ಕತ್ತಲಿರುವಾಗಲೇ ಎದ್ದು ಊರ ಇನ್ನೊಂದು ಮೂಲೆಗೆ ಬಸ್ ಹತ್ತೋದು ಮಾಮೂಲಾಯ್ತು. ಮನೆ ಪಕ್ಕದ ಶಾಲೆ ಬೇಕು, ಯಾವ ವರ್ಷ ಮುಚ್ಚುತ್ತೋ ಅನ್ನೋ ಭಯ ಇಲ್ಲದ ಶಾಲೆ ಬೇಕು ಅಂತ ಪೋಷಕರು ಮಂಡಳಿಯ ಸಭೆಗಳಲ್ಲಿ ಕೇಳ್ತಾನೇ ಇದ್ದರು.

2024ರ ಆಗಸ್ಟ್‌ನಲ್ಲಿ ಮಂಡಳಿ ತಾನೇ ನಡೆಸೋ ಒಂದು ಶಾಲೆ ತೆರೆಯಿತು. ಫಲಿತಾಂಶ ಕೆಟ್ಟು ಸನ್ನದು ಕಳಕೊಂಡ ಒಂದು ಚಾರ್ಟರ್ ಶಾಲೆಯ ಜಾಗದಲ್ಲಿ. ಆ ಊರಿನ ಹೆಸರಾಂತ ಹೋಟೆಲೊಂದರ ಅಡುಗೆಮನೆಯಲ್ಲಿ ಬದುಕೆಲ್ಲ ಸೌಟು ಹಿಡಿದಿದ್ದ ಲೀಯಾ ಚೇಸ್ ಅವರ ಹೆಸರನ್ನ ಅದಕ್ಕೆ ಇಟ್ಟಿದ್ದಾರೆ.